ಶ್ವಾಸಕೋಶ ನಾರ್ಮಲ್

"ಹಲೋ... ಯಾರು ಮಾತಾಡ್ತಿರೋದು? ... ಹಾಂ, ಚಂದಮ್ಮ! ಯಾರ ನಂಬರ್ ಇದು? ... ಪಕ್ಕ ಕೂತೋರ ಫೋನಾ? ... ಅಳಬೇಡಿ, ನಿಧಾನಕ್ಕೆ ಹೇಳಿ."

ಇಂಪನಾ ಫೋನಿಗೆ ಕೈ ಅಡ್ಡ ಹಿಡಿದುಕೊಂಡು ಮೆಟ್ಟಿಲ ಕಡೆ ಬಂದಳು. ಹೃದಯ, ಶ್ವಾಸಕೋಶಗಳ ತಪಾಸಣಾ ವರದಿ ಓದಿ ವಿಮೆಯ ಬಿಲ್ಲಿಗಾಗಿ ಒಂದೊಂದಕ್ಕೂ ಕೋಡ್ ಹಾಕುವುದು ಖರಾಡಿಯ ಆ ಕಚೇರಿಯಲ್ಲಿ ಅವಳ ಕೆಲಸ. ಚಂದಮ್ಮ ಎರಡು ವರ್ಷದಿಂದ ಅವಳ ಮನೆಯಲ್ಲಿ ಅಡುಗೆ ಮಾಡುವಾಕೆ. ಗಂಡ ಹುಸೇನಪ್ಪ ಭೋಸರಿಯ ಎರಕದ ಕಾರ್ಖಾನೆಯಲ್ಲಿದ್ದ, ವಾರದಿಂದ ಏದುಸಿರು. ಇವತ್ತು ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು.

"ಡಾಕ್ಟರು ಬಂದಿಲ್ವಾ? ... ಅಲ್ಲ ಚಂದಮ್ಮ, ನಾನು ಡಾಕ್ಟರಲ್ಲ. ಯಾವ ಟೆಸ್ಟ್ ಅಂತ ನೋಡಿ ಕೋಡ್ ಹಾಕ್ತೀನಿ, ಅಷ್ಟೆ. ... ಹಾಂ, ಓದೋಕೆ ಬರುತ್ತೆ. ... ಸರಿ, ಆ ಪಕ್ಕದೋರ ಕೈಲೇ ರಿಪೋರ್ಟಿನ ಫೋಟೋ ಕಳಿಸಿ."

...

"ಬಂತು. ಕೊಳವೇಲಿ ಊದಿಸಿದ್ರು ಅಲ್ವಾ, ಅದು. ... ನಾರ್ಮಲ್ ಅಂತಿದೆ. ... ಹೌದು, ಶ್ವಾಸಕೋಶ ಚೆನ್ನಾಗಿದೆ. ಧೂಳಿಂದ ಏನೂ ಆಗಿಲ್ಲ. ... ಅವರಿಗೂ ಹೇಳಿ."

ಚಂದಮ್ಮ ಕೂಗಿ ಹೇಳಿದ್ದೂ ಹುಸೇನಪ್ಪ ನಕ್ಕಿದ್ದೂ ಕೇಳಿಸಿತು. ಇಂಪನಾಳಿಗೂ ನಗು ಬಂತು.

"ಇನ್ನೊಂದು ಹಾಳೆ ಇದೆಯಾ? ... ಎದೆಗೆ ತಣ್ಣಗೆ ಏನೋ ಹಚ್ಚಿ ನೋಡಿದ್ದಾ? ಅದೇ, ಎಕೋ. ಕಳಿಸಿ."

ಎರಡನೆಯ ಫೋಟೋ ತೆರೆದುಕೊಳ್ಳಲು ಹೊತ್ತು ಹಿಡಿಯಿತು. ತುಂಬಿಕೊಂಡ ರಕ್ತದಲ್ಲಿ ಹೃದಯ ಒಂದೊಂದು ಬಡಿತಕ್ಕೂ ಹೊರದೂಡುವುದು ನೂರಕ್ಕೆ ಅರವತ್ತರಷ್ಟು ಇರಬೇಕು. ಇಲ್ಲಿ ಹದಿನೆಂಟು ಎಂದಿತ್ತು. ಇಂಥ ಅಂಕಿ ಎಷ್ಟೋ ಸಲ ಬಂದಿತ್ತು. ಕೋಡ್ ಹಾಕಿ ಮುಂದಿನ ವರದಿ ತೆರೆಯುತ್ತಿದ್ದಳು.

"ಚಂದಮ್ಮ... ಇಲ್ಲ, ಇಲ್ಲೇ ಇದೀನಿ. ... ಅವರೆಲ್ಲಿ? ... ಹೋದ್ರಾ? ಎಲ್ಲಿಗೆ? ... ಶಿಫ್ಟಿಗಾ? ಯಾಕೆ ಬಿಟ್ರಿ? ... ಹಾಂ. ನಾನೇ. ನಾನೇ ಹೇಳಿದ್ದು, ಚೆನ್ನಾಗಿದೆ ಅಂತ."

...

"ಕೇಳಿ, ಹೃದಯಕ್ಕೆ ಶಕ್ತಿ ಇಲ್ಲ. ಭಾರ ಎತ್ತಬಾರದು, ಆ ಬೆಂಕಿ ಮುಂದೆ ನಿಲ್ಲಬಾರದು. ... ಅವರಿಗೆ ಫೋನ್ ಮಾಡಿ. ... ಅವರ ಫೋನ್ ಚಾರ್ಜಿಲ್ದೆ ನಿಮ್ಮ ಚೀಲದಲ್ಲೇ ಇದೆಯಾ? ... ಸಿಸ್ಟರ್ ಇದ್ರೆ ಕೊಡಿ. ... ಯಾರೂ ಇಲ್ವಾ?"

...

"ಕಿಟಕೀಲಿ ಕಾಣ್ತಿದಾರಾ? ಬಸ್ ಸ್ಟಾಪಲ್ಲಾ? ಕೂಗಿ! ... ಹೆಸರು ಹಿಡಿದು ಕೂಗಿ ಚಂದಮ್ಮ, ಗಂಡ ಆದ್ರೇನು!"

ಎರಡು ವರ್ಷದಲ್ಲಿ ಒಮ್ಮೆಯೂ ಆ ಬಾಯಿಂದ ಬಾರದ ಹೆಸರು ಕೇಳಿಸಿತು: "ಹುಸೇನಪ್ಪಾ! ನಿಂದರ್ರೀ!"

"ಕೇಳಿಸ್ತಾ ಅವರಿಗೆ? ... ತಿರುಗಿದ್ರಾ? ... ಕೈ ಬೀಸಿದ್ರಾ? ... ಆಮೇಲೆ? ... ಹತ್ತಿಬಿಟ್ರಾ? ಬಸ್ ನಂಬರ್ ಎಷ್ಟು? ... ಹಾಂ, ನಿಮಗೆ ಓದೋಕೆ... ಪಕ್ಕದೋರಿಗೆ ತೋರಿಸಿ, ಬೇಗ... ಚಂದಮ್ಮ? ... ಹಲೋ?"

ಲೈನು ಕಟ್ಟಾಗಿತ್ತು.