ನಾಲ್ಕನೇ ಮೇಜಿನ ಸಹಿ

ಈ ದಿನ ಮಧ್ಯಾಹ್ನ ದೂರು ಕೊಟ್ಟವಳು ನಾನೇ. ಹೆಸರು ದೂರಿನ ಚೀಟಿಯಲ್ಲಿ ಇರುವಂತೆ. ವಯಸ್ಸು 24 ವರ್ಷ. ವಿದ್ಯಾಭ್ಯಾಸ: ಸಾಹಿತ್ಯದಲ್ಲಿ ಎಂ.ಎ. ಉದ್ಯೋಗ: ಮುದ್ರಣಾಲಯದಲ್ಲಿ ಕರಡು ತಿದ್ದುವುದು. ವಾಸ: ಅಂಚೆ ಕಚೇರಿಯ ಹಿಂದಿನ ಬೀದಿ, ಹೊಲಿಗೆ ಅಂಗಡಿಯ ಮೇಲಿನ ಮಹಡಿ. ಅಂಗಡಿ ನನ್ನ ತಾಯಿಯದು.

ಹೇಳಿಕೆ ಬರೆದುಕೊಳ್ಳುವ ಠಾಣೆಯ ರೈಟರ್ ಕೇಳಿದ ಮೇರೆಗೆ, ನಾನು ಕಂಡದ್ದನ್ನು ಕಂಡ ಕ್ರಮದಲ್ಲಿಯೇ ತಿಳಿಸುತ್ತಿರುವುದು ಏನೆಂದರೆ:

ಈ ದಿನ ಭಾನುವಾರ ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ನಾನು ಪುರಭವನದಲ್ಲಿ ನಡೆಯುತ್ತಿದ್ದ ಧ್ವನಿನಾಟಕ ಸಮ್ಮೇಳನಕ್ಕೆ ಒಬ್ಬಳೇ ಹೋದೆನು. ಧ್ವನಿನಾಟಕ ಎಂದರೆ ರೇಡಿಯೋದಲ್ಲಿ ಬರುವ, ಕಿವಿಯಿಂದ ಮಾತ್ರ ನೋಡುವ ನಾಟಕ. 'ಮೂರನೇ ಮಹಡಿ' ಎಂಬ ಧಾರಾವಾಹಿ ಹದಿನೆಂಟು ವರ್ಷ ಪ್ರತಿ ಸಂಜೆ ಬಂದು, ಆರು ವರ್ಷದ ಹಿಂದೆ ನಿಂತಿತು. ಅದರಲ್ಲಿ ಒಟ್ಟು 41 ದನಿಗಳಿದ್ದವು. ನನ್ನ ಬಳಿ ನೀಲಿ ರಟ್ಟಿನ, 42 ಪುಟಗಳ ಸಹಿ ಪುಸ್ತಕವಿದೆ. ಪುಟಕ್ಕೆ ಒಬ್ಬರಂತೆ 33 ಸಹಿಗಳು ಮೊದಲೇ ಇದ್ದವು. ಈ ದಿನ ಉಳಿದ ಎಂಟು ಮಂದಿಯೂ ಬರುತ್ತಾರೆಂದು ಪ್ರಕಟಣೆಯಲ್ಲಿತ್ತು. ಅವರಲ್ಲಿ ಒಬ್ಬರು ದೊಡ್ಡಮ್ಮ.

ದೊಡ್ಡಮ್ಮ ಎಂಬುದು ಪಾತ್ರದ ಹೆಸರು. ಆಕೆ ನಾಟಕದ ಮನೆಯ ಯಜಮಾನಿ. ಯಾವಾಗಲೂ ಮಹಡಿಯ ಮೇಲೆ ನಿಂತು "ಯಾರದು ಮೆಟ್ಟಿಲ ಮೇಲೆ?" ಎಂದು ಗದರುತ್ತಾರೆ. ಈ ದಿನ ಪುರಭವನದ ಬಾಗಿಲಲ್ಲಿ ಟಿಕೇಟು ನೋಡುವ ಕಾವಲುಗಾರರೊಬ್ಬರು ಕೂಡ ಬಂದವರಿಗೆಲ್ಲ ಅದನ್ನೇ ಹೇಳಿ ತಾವೇ ನಗುತ್ತಿದ್ದರು. ಆ ಪಾತ್ರ ಮಾಡಿದವರ ಫೋಟೊ ಎಲ್ಲಿಯೂ ಬಂದಿಲ್ಲ. ಅವರು ಯಾರಿಗೂ ಸಂದರ್ಶನ ಕೊಟ್ಟಿಲ್ಲ.

ನನ್ನ ತಾಯಿ ಹೊಲಿಗೆ ಮೆಷಿನ್ನು ನಿಲ್ಲಿಸುತ್ತಿದ್ದುದು ದಿನಕ್ಕೆ ಒಂದೇ ಸಲ, ದೊಡ್ಡಮ್ಮ ಮಾತಾಡುವಾಗ. ಹದಿನಾರು ವರ್ಷದ ಹಿಂದೆ ಅವರು ದೊಡ್ಡಮ್ಮನಿಗೆ ಪತ್ರ ಬರೆದು, ಮೊಣಕಾಲು ನೋವು ಈಗ ಹೇಗಿದೆ ಎಂದು ವಿಚಾರಿಸಿದ್ದರು. ನೋವು ಇದ್ದದ್ದು ನಾಟಕದಲ್ಲಿ. ಆದರೂ ಒಂದು ಕಾರ್ಡು ಬಂದಿತ್ತು. "ಮೆಟ್ಟಿಲು ಹತ್ತೋದು ಕಡಿಮೆ ಮಾಡಿದೀನಮ್ಮ, ಬೈಯೋದು ಮಾತ್ರ ಕಡಿಮೆ ಮಾಡಿಲ್ಲ" ಎಂದು ಅದರಲ್ಲಿದೆ. ಕೆಳಗೆ 'ದೊಡ್ಡಮ್ಮ' ಎಂದು ಸಹಿ. ಈ ದಿನ ನಾನು ಹೊರಡುವಾಗ ಅಮ್ಮ ಆ ಕಾರ್ಡನ್ನು ನನ್ನ ಚೀಲಕ್ಕೆ ಹಾಕಿ, "ಅವರ ಮುಖ ಹೇಗಿದೆ ಅಂತ ಮಾತ್ರ ಬಂದು ಹೇಳ್ಬೇಡ ಕಣೇ. ನಾನೊಂದು ಮುಖ ಇಟ್ಕೊಂಡಿದೀನಿ" ಎಂದರು. ಹೇಳುವುದಿಲ್ಲ ಎಂದು ಒಪ್ಪಿಕೊಂಡೆನು.

ಬೆಳಿಗ್ಗೆ 11 ಗಂಟೆ 15 ನಿಮಿಷಕ್ಕೆ, ನಾಟಕದಲ್ಲಿ ಅಂಚೆಯಣ್ಣನಾಗಿದ್ದ ಹಿರಿಯರು ಮೈಕಿನ ಮುಂದೆ ಹಾಳೆ ಹಿಡಿಯುವ ಬಗೆಯನ್ನು ವೇದಿಕೆಯಲ್ಲಿ ತೋರಿಸಿದರು. ಮಾತು ಬರೆದ ಹಾಳೆಗಳಿಗೆ ಪಿನ್ನು ಹಾಕುವುದಿಲ್ಲ. ಓದಿ ಮುಗಿದ ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಪಕ್ಕಕ್ಕೆ ಜಾರಿಸಿ, ನೆಲದ ಕಂಬಳಿಯ ಮೇಲೆ ಬಿಡುತ್ತಾರೆ. ಒಂದಿಷ್ಟು ಪರಪರ ಎಂದರೂ ಮೈಕು ಹಿಡಿದುಬಿಡುತ್ತದೆ. ಈ ಅಭ್ಯಾಸ ಮೈಯಿಂದ ಹೋಗುವುದೇ ಇಲ್ಲವೆಂದೂ, ತಾನು ಪೇಪರ್ ಓದುತ್ತಾ ಕೂತರೆ ಗಂಡ ಮನೆಯಲ್ಲಿದ್ದಾನೋ ಇಲ್ಲವೋ ಎಂಬುದು ಹೆಂಡತಿಗೆ ಗೊತ್ತಾಗುವುದಿಲ್ಲವೆಂದೂ ಅವರು ಹೇಳಿದರು. ಸಭೆ ನಕ್ಕಿತು. ದೊಡ್ಡಮ್ಮನ ಬಗ್ಗೆ ಯಾರೋ ಕೇಳಿದರು. ಆಕೆಯ ದನಿ ಮಹಡಿಯಿಂದ ಬಂದಂತೆ ಕೇಳಬೇಕಾದ್ದರಿಂದ ಆಕೆಯ ಮೈಕನ್ನು ಪಕ್ಕದ ಸಣ್ಣ ಕೋಣೆಯಲ್ಲಿ ಇಡುತ್ತಿದ್ದರು, ಹೆಜ್ಜೆ, ಬಾಗಿಲು, ಪಾತ್ರೆಗಳ ಸದ್ದು ಮಾಡುವ ಹೆಂಗಸು ಒಬ್ಬರೇ ಆಕೆಯ ಜೊತೆ ಇರುತ್ತಿದ್ದರು ಎಂದರು. "ಹದಿನೆಂಟು ವರ್ಷದಲ್ಲಿ ಆಕೆ ಹಾಳೆ ತಿರುಗಿಸಿದ ಸದ್ದು ನಾನು ಒಂದು ಸಲವೂ ಕೇಳಿಲ್ಲ" ಎಂದೂ ಹೇಳಿದರು. ಈ ಮಾತನ್ನು ನಾನು ಟಿಕೇಟಿನ ಹಿಂದೆ ಬರೆದುಕೊಂಡೆನು.

12 ಗಂಟೆ 40 ನಿಮಿಷದ ಹೊತ್ತಿಗೆ ನನ್ನ ಪುಸ್ತಕದಲ್ಲಿ 40 ಸಹಿಗಳಾದವು. ಆಗ ನಾನು ದೊಡ್ಡಮ್ಮನ ಸಾಲಿಗೆ, ಅಂದರೆ ನಾಲ್ಕನೇ ಮೇಜಿಗೆ ಬಂದೆನು. ಮೇಜಿನ ಮೇಲೆ 'ಗಂಟಲಿಗೆ ವಿಶ್ರಾಂತಿ. ದಯವಿಟ್ಟು ಮಾತನಾಡಿಸಬೇಡಿ' ಎಂಬ ಬೋರ್ಡು ಇತ್ತು. ಕನ್ನಡಕ ಹಾಕಿದ, ಬೂದು ಸ್ವೆಟರಿನ ತೆಳ್ಳನೆಯ ಹೆಂಗಸೊಬ್ಬರು ಕೂತು ಸಹಿ ಹಾಕುತ್ತಿದ್ದರು. ಅವರ ಹಿಂದೆ ಸುಮಾರು ಆರು ಅಡಿ ದೂರದಲ್ಲಿ, ಗೋಡೆಗೆ ಒತ್ತಿದ ಕುರ್ಚಿಯಲ್ಲಿ, ಜೊತೆಗೆ ಬಂದಿದ್ದ ಇನ್ನೊಬ್ಬ ಹೆಂಗಸು ತೊಡೆಯ ಮೇಲೆ ಬಟ್ಟೆಚೀಲ ಇಟ್ಟುಕೊಂಡು ಕೂತಿದ್ದರು. ಅವರೂ ಮಾತಾಡುತ್ತಿರಲಿಲ್ಲ. ವಿಶ್ರಾಂತಿ ಬೇಕಾದ್ದು ಒಬ್ಬರ ಗಂಟಲಿಗೆ, ಸುಮ್ಮನಿದ್ದವರು ಇಬ್ಬರು. ಇದು ನನಗೆ ಮೊದಲು ವಿಚಿತ್ರ ಅನ್ನಿಸಿದ್ದು.

ನನ್ನ ಸರದಿ ಬಂದಾಗ ಸ್ವೆಟರಿನವರು ನನ್ನ ಪುಸ್ತಕ ತೆಗೆದುಕೊಂಡು, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಪರಪರ ಎಂದು ಪುಟ ತಿರುವಿ 41ನೇ ಪುಟಕ್ಕೆ ಹೋದರು. ನನ್ನ ಹಿಂದೆ ನಿಂತಿದ್ದವರಿಗೂ ಸದ್ದು ಕೇಳಿಸಿತು. ನಾನು ಟಿಕೇಟಿನ ಹಿಂದೆ ಬರೆದುಕೊಂಡದ್ದನ್ನು ತೆಗೆದು ಮತ್ತೆ ಓದಿದೆನು. ಅವರು ಸಹಿ ಹಾಕಿ ಪುಸ್ತಕವನ್ನು ನನ್ನ ಕಡೆ ನೂಕಿದರು. ನಾನು ಥ್ಯಾಂಕ್ಸ್ ಹೇಳಲಿಲ್ಲ.

1 ಗಂಟೆ 5 ನಿಮಿಷಕ್ಕೆ ಅಂಚೆಯಣ್ಣನವರ ಮೇಜಿಗೆ ಹೋಗಿ, ನಾಲ್ಕನೇ ಮೇಜಿನಲ್ಲಿರುವವರು ನಿಜವಾಗಿ ದೊಡ್ಡಮ್ಮನೇ ಹೌದೇ ಎಂದು ಕೇಳಿದೆನು. ಇಷ್ಟು ಕೇಳಲು ನನಗೆ ಮೂರು ಸಲ ಬಾಯಿ ತೆರೆಯಬೇಕಾಯಿತು. ಅವರು ಪೆನ್ನಿನ ಮುಚ್ಚಳ ಹಾಕುತ್ತಾ, "ಸಹಿ ಸಿಕ್ತಲ್ಲಮ್ಮ, ಇನ್ನೇನು ಬೇಕು? ಹೋಗು, ಊಟ ಮಾಡು" ಎಂದರು. ನನ್ನ ಮುಖ ನೋಡಲಿಲ್ಲ. ಇವರಿಗೂ ಗೊತ್ತಿದೆ, ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

1 ಗಂಟೆ 20 ನಿಮಿಷಕ್ಕೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಕರಡು ನೋಡಲು ಇಟ್ಟುಕೊಂಡಿರುವ ಭೂತಗನ್ನಡಿಯಿಂದ ಅಮ್ಮನ ಕಾರ್ಡನ್ನೂ 41ನೇ ಪುಟವನ್ನೂ ಹೋಲಿಸಿದೆನು. 'ಡ್ಡ'ದ ಒತ್ತು ಎರಡರಲ್ಲೂ ಕೆಳಗಿನ ಗೆರೆ ದಾಟಿತ್ತು. 'ಮ್ಮ'ದ ಬಾಲ ಎರಡರಲ್ಲೂ ಮೆಟ್ಟಿಲಿನಂತೆ ಮೂರು ಮಡಿಕೆಯಾಗಿ ಮೇಲಕ್ಕೆ ಹೋಗಿತ್ತು. ಒಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಇದರಿಂದ ನನ್ನ ಅನುಮಾನ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಸಹಿ ಸರಿ, ಕೈ ತಪ್ಪು ಎಂದಾದರೆ ವರ್ಷಗಟ್ಟಲೆ ಅಭ್ಯಾಸ ಮಾಡಿರುವ ಕೈ ಎಂದುಕೊಂಡೆನು. ನಿಜವಾದ ದೊಡ್ಡಮ್ಮನನ್ನು ಇವರು ಏನು ಮಾಡಿದ್ದಾರೆ ಎಂಬ ಯೋಚನೆಯೂ ಬಂತು.

1 ಗಂಟೆ 35 ನಿಮಿಷಕ್ಕೆ ಸಭಾಂಗಣದಲ್ಲಿ ಯಾರದೋ ಕೈಯಿಂದ ಲೋಟಗಳ ತಟ್ಟೆ ಬಿತ್ತು. ಎಲ್ಲರೂ ಬೆಚ್ಚಿದರು. ಸ್ವೆಟರಿನವರು ಮಾತ್ರ ತಲೆ ವಾಲಿಸಿ, ಕೊನೆಯ ಲೋಟ ಉರುಳಿ ನಿಲ್ಲುವ ತನಕ ಕೇಳಿಸಿಕೊಂಡು, ಅದೇ ತಾಳವನ್ನು ಉಗುರಿನಿಂದ ಮೇಜಿನ ಮೇಲೆ ಬಾರಿಸಿ ನೋಡಿದರು. 1 ಗಂಟೆ 50 ನಿಮಿಷಕ್ಕೆ ಸಾಲಿನ ಕೊನೆಯಿಂದ ಒಬ್ಬರು "ದೊಡ್ಡಮ್ಮಾ, ಇತ್ತ ನೋಡಿ" ಎಂದು ಕೂಗಿದರು. ಸ್ವೆಟರಿನವರು ತಲೆ ಎತ್ತಲಿಲ್ಲ. ಹಿಂದೆ ಚೀಲ ಹಿಡಿದು ಕೂತಿದ್ದವರು ಥಟ್ಟನೆ ನೋಡಿ, ಮತ್ತೆ ಚೀಲದ ಕಡೆ ತಿರುಗಿದರು. ಇದಕ್ಕೆ ನಾನು ಅರ್ಥ ಹುಡುಕಲಿಲ್ಲ. ಇಬ್ಬರೂ ಸೇರಿಯೇ ಮಾಡುತ್ತಿದ್ದಾರೆ ಎಂದಷ್ಟೇ ತೀರ್ಮಾನಿಸಿದೆನು.

ಅಪರಿಚಿತರೊಡನೆ ಮಾತಾಡುವುದಕ್ಕಿಂತ ಬರೆದು ಕೊಡುವುದು ನನಗೆ ಸುಲಭ. ಆದ್ದರಿಂದ 2 ಗಂಟೆ 5 ನಿಮಿಷಕ್ಕೆ 'ನಾಲ್ಕನೇ ಮೇಜಿನಲ್ಲಿರುವವರು ದೊಡ್ಡಮ್ಮ ಅಲ್ಲ' ಎಂದು ಚೀಟಿ ಬರೆದು, ಕೆಳಗೆ ನನ್ನ ಹೆಸರು ಹಾಕಿ, ಸಮ್ಮೇಳನದ ಕಾರ್ಯದರ್ಶಿಯವರ ಕೈಗೆ ಕೊಟ್ಟೆನು. ಹೋದ ವರ್ಷವೂ ಯಾರೋ ಕಲಾವಿದರ ಸೋಗು ಹಾಕಿ ಬಂದು ತಮ್ಮ ಮಾನ ಹರಾಜಾಗಿತ್ತು ಎಂದು ಅವರು ಹೇಳಿದರು. ಅಲ್ಲಿಯೇ ನಿಂತು ಠಾಣೆಗೆ ಫೋನು ಮಾಡಿ, ಬಾಗಿಲ ಕಾವಲುಗಾರರನ್ನು ಕರೆದು ಮೇಜು ತೋರಿಸಿದರು.

2 ಗಂಟೆ 12 ನಿಮಿಷಕ್ಕೆ ಕಾವಲುಗಾರರು ಸ್ವೆಟರಿನವರ ಬಲಗೈ ಮಣಿಕಟ್ಟು ಹಿಡಿದು, "ಏಳಮ್ಮ, ನಾಟಕ ಸಾಕು" ಎಂದರು. ಪೆನ್ನು ಕೆಳಗೆ ಬಿತ್ತು. ಸಾಲಿನಲ್ಲಿ ಆಗ ಸುಮಾರು ಮೂವತ್ತು ಜನ, ಸಭಾಂಗಣದಲ್ಲಿ ಮುನ್ನೂರು ಜನ ಇದ್ದರು. ನಾನು ಹದಿನೈದು ಅಡಿ ದೂರದ ಕಂಬದ ಪಕ್ಕದಲ್ಲಿದ್ದೆನು. ಸ್ವೆಟರಿನವರು ಕೈ ಬಿಡಿಸಿಕೊಳ್ಳಲು ನೋಡಲಿಲ್ಲ. ಹಿಂದೆ ತಿರುಗಿ, ಬೇಡ ಎನ್ನುವಂತೆ ತಲೆ ಆಡಿಸಿದರು.

ಹಿಂದಿನ ಕುರ್ಚಿಯವರು ಚೀಲವನ್ನು ನೆಲಕ್ಕಿಟ್ಟು ಎದ್ದು ನಿಂತರು. "ಅವಳ ಕೈ ಬಿಡಪ್ಪ. ಅದು ಬರೆಯೋ ಕೈ" ಎಂದರು.

ಜೋರಾಗಿ ಹೇಳಲಿಲ್ಲ. ಆದರೆ ಮಾತು ಮೇಲಿನಿಂದ ಬಂದ ಹಾಗೆ ಬಂತು. ಮುನ್ನೂರು ಜನರ ಗದ್ದಲ ಮೆಷಿನ್ನು ನಿಲ್ಲಿಸಿದ ಹಾಗೆ ನಿಂತಿತು. ಆ ಮುಖವನ್ನು ಅಲ್ಲಿದ್ದ ಅಭಿಮಾನಿಗಳಲ್ಲಿ ಯಾರೂ ನೋಡಿರಲಿಲ್ಲ, ಆದರೂ ಎಲ್ಲರೂ ಆ ಕಡೆಗೇ ತಿರುಗಿದರು. ಕಾವಲುಗಾರರು ಕೈ ಬಿಟ್ಟು, "ತಪ್ಪಾಯ್ತು ದೊಡ್ಡಮ್ಮ" ಎಂದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

2 ಗಂಟೆ 31 ನಿಮಿಷಕ್ಕೆ ಪೊಲೀಸರು ಬಂದು ನಮ್ಮ ಮೂವರನ್ನೂ ಠಾಣೆಗೆ ಕರೆತಂದರು. ದೂರ ಸುಮಾರು 600 ಮೀಟರು. ನಡೆದೇ ಬಂದೆವು. ನನ್ನ ಪುಸ್ತಕವನ್ನು ಸಾಕ್ಷಿಗೆಂದು ತೆಗೆದಿರಿಸಿಕೊಂಡರು.

3 ಗಂಟೆ 15 ನಿಮಿಷಕ್ಕೆ ಠಾಣಾಧಿಕಾರಿಯವರು, ದೂರು ಹಾಗೆಯೇ ನಿಂತರೆ ಸ್ವೆಟರಿನವರ ಮೇಲೆ ಸೋಗಿನ ಕೇಸು ಹಾಕಬೇಕಾಗುತ್ತದೆ ಎಂದು ತಿಳಿಸಿದರು. ನಾನು ವಾಪಸು ಪಡೆಯುತ್ತೇನೆ ಎಂದೆನು. "ಸುಮ್ನೆ ವಾಪಸ್ ಅಂದ್ರೆ ಆಗಲ್ಲಮ್ಮ. ಕಾರಣ ಬರೆಸು. ನಾಳೆ ಮೇಲಿನವರು ನನ್ನ ಕೇಳ್ತಾರೆ" ಎಂದರು. ನನಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಆಮೇಲೆ ದೊಡ್ಡಮ್ಮನವರು, "ನನಗೆ ಓದೋಕೆ ಬರೆಯೋಕೆ ಬರೋದಿಲ್ಲ ಸಾರ್. ಅದನ್ನ ಬರೆಸ್ಲಿ" ಎಂದರು. ಸ್ವೆಟರಿನವರು "ಬೇಡ ಕಣೇ" ಎಂದು ಅವರ ತೋಳು ಹಿಡಿದರು. "ಇರ್ಲಿ ಬಿಡೇ. ನಿನ್ನ ಒಳಗೆ ಹಾಕಿಸಿ ನಾನು ಯಾರನ್ನ ಬೈಲಿ?" ಎಂದರು ದೊಡ್ಡಮ್ಮನವರು.

ಅವರು ಹೇಳಿದ್ದು ಇಷ್ಟು. ಅವರು ಸ್ಟುಡಿಯೋ ಇದ್ದ ಕಟ್ಟಡದಲ್ಲಿ ಮೆಟ್ಟಿಲು ಒರೆಸುವ ಕೆಲಸದಲ್ಲಿದ್ದರು. ಒದ್ದೆ ಮೆಟ್ಟಿಲು ತುಳಿದವರನ್ನು "ಯಾರದು ಮೆಟ್ಟಿಲ ಮೇಲೆ?" ಎಂದು ಗದರಿದ್ದನ್ನು ನಿರ್ದೇಶಕರು ಕೇಳಿ, ಕೈಗೆ ನಾಲ್ಕು ಹಾಳೆ ಕೊಟ್ಟು ನಾಳೆ ಬರಲು ಹೇಳಿದರು. ಓದಲು ಬಾರದು ಎನ್ನಲು ನಾಚಿಕೆಯಾಗಿ, ಬೇರೆಯವರು ನೋಡುವಷ್ಟು ಹೊತ್ತು ತಾವೂ ಹಾಳೆ ನೋಡಿದರು. ಸದ್ದು ಮಾಡುವ ಕೆಲಸದ ಹೆಂಗಸು, ಅಂದರೆ ಸ್ವೆಟರಿನವರು, ಇದನ್ನು ಕಂಡುಹಿಡಿದರು. ಯಾರಿಗೂ ಹೇಳದೆ, ಸಂಜೆ ಅದೇ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿ ಹೇಳಿದರು. ಮೂರನೆಯ ಸಲ ಬೇಕಾಗಲಿಲ್ಲ. ಹದಿನೆಂಟು ವರ್ಷ ಹೀಗೆ ನಡೆಯಿತು. ಸಣ್ಣ ಕೋಣೆಯಲ್ಲಿ ಹಾಳೆಯ ಸದ್ದು ಬಾರದಿದ್ದುದು ಅಲ್ಲಿ ಹಾಳೆಯೇ ಇಲ್ಲದ್ದರಿಂದ. ಅಭಿಮಾನಿಗಳ ಪತ್ರಗಳನ್ನೂ ಸ್ವೆಟರಿನವರೇ ಓದಿ ಹೇಳುತ್ತಿದ್ದರು; ದೊಡ್ಡಮ್ಮನವರು ಉತ್ತರ ಹೇಳುತ್ತಿದ್ದರು, ಇವರು ಬರೆಯುತ್ತಿದ್ದರು. ಸಹಿ ಹೇಗಿರಲಿ ಎಂದು ಕೇಳಿದ್ದಕ್ಕೆ "ಮೆಟ್ಟಿಲ ಹಾಗಿರಲಿ" ಎಂದವರು ದೊಡ್ಡಮ್ಮನವರು. ಈ ದಿನ ಜನರೆದುರು ಸಹಿ ಹಾಕಬೇಕಾದ್ದರಿಂದ ಕೈ ಮುಂದೆ ಕೂತಿತು, ದನಿ ಹಿಂದೆ ಕೂತಿತು.

ನಾನು ಅಮ್ಮನ ಕಾರ್ಡನ್ನು ಬೆಂಚಿನ ಮೇಲಿಟ್ಟು, ಅದರಲ್ಲಿದ್ದುದನ್ನು ಓದಿ ಹೇಳಿದೆನು. ದೊಡ್ಡಮ್ಮನವರು, "ದಿನಾ ಮೆಷಿನ್ ನಿಲ್ಲಿಸಿ ಕೇಳ್ತೀನಿ ಅಂತ ಬರೆದಿದ್ದು ನಿಮ್ಮಮ್ಮನಾ? ನನ್ನ ಮಗಳು ಹೆಚ್ಚು ಮಾತಾಡಲ್ಲ, ನಿಮ್ಮ ಹಾಗೆ ಬೈಯೋದು ಕಲಿಸಿ ಅಂತಾನೂ ಇತ್ತಲ್ಲ" ಎಂದರು. ಈ ಎರಡನೆಯ ಸಂಗತಿ ನನಗೆ ಈ ದಿನದವರೆಗೆ ಗೊತ್ತಿರಲಿಲ್ಲ.

ಆದ್ದರಿಂದ ದೂರನ್ನು ವಾಪಸು ಪಡೆಯುತ್ತಿರುವ ಕಾರಣ: ನನಗಾಗಲಿ ನನ್ನ ತಾಯಿಗಾಗಲಿ ಯಾರಿಂದಲೂ ಮೋಸವಾಗಿಲ್ಲ. ದೊಡ್ಡಮ್ಮನ ಸಹಿ ಎಂದು ಮೊದಲಿನಿಂದಲೂ ಇರುವುದು ಈ ಒಂದೇ ಸಹಿ, ಅದು ನನ್ನ 41ನೇ ಪುಟದಲ್ಲಿದೆ. ಸ್ವೆಟರಿನವರ ಮಣಿಕಟ್ಟಿನ ಮೇಲೆ ಕೆಂಪು ಗುರುತು ಈಗಲೂ ಇದೆ. ಹಿಡಿದವರು ಕಾವಲುಗಾರರು, ಹಿಡಿಸಿದವಳು ನಾನು.

ದೊಡ್ಡಮ್ಮನವರ ಚಹರೆಯನ್ನು ಬರೆಸಲು ರೈಟರ್ ಕೇಳಿದರು. ಅಮ್ಮನಿಗೆ ಕೊಟ್ಟ ಮಾತಿರುವುದರಿಂದ ನಾನು ಹೇಳುವುದಿಲ್ಲ.

ನನ್ನ ಪುಸ್ತಕವನ್ನು ಈ ಸಂಜೆ 6 ಗಂಟೆ 40 ನಿಮಿಷದ ಒಳಗೆ ಮರಳಿಸಲು ಕೋರುತ್ತೇನೆ. ಅವರಿಬ್ಬರ ಬಸ್ಸು ಆ ಹೊತ್ತಿಗೆ ಹೊರಡುತ್ತದೆ. 42ನೇ ಪುಟ ಖಾಲಿ ಇದೆ. ಅದರಲ್ಲಿ ಸ್ವೆಟರಿನವರ ಸಹಿ, ಅವರ ಸ್ವಂತ ಹೆಸರಿನಲ್ಲಿ, ಆಗಬೇಕಾಗಿದೆ.

ಸೇರ್ಪಡೆ: ರೈಟರ್ ಮೇಲಿನದನ್ನು ನನಗೆ ಓದಿ ಹೇಳಿದರು. ಸರಿಯಿದೆ ಎಂದು ಪೆನ್ನು ತೆಗೆದುಕೊಂಡೆನು. ಆಗ ಎಂಟು ಅಡಿ ದೂರದ ಬೆಂಚಿನಿಂದ ದೊಡ್ಡಮ್ಮನವರು, "ಒಂದು ಸಾಲು ಬಿಟ್ರಿ ಸಾರ್. ನಲವತ್ತೊಂದು ದನಿ ಅಂತ ಹೇಳಿದ್ಮೇಲೆ ಆ ಹುಡುಗಿ ಇನ್ನೊಂದು ಮಾತು ಹೇಳಿದ್ಲು" ಎಂದರು. ಅದು ಕೇಸಿಗೆ ಬೇಕಿಲ್ಲವೆಂದು ಬಿಟ್ಟೆ ಎಂದು ರೈಟರ್ ಹೇಳಿದರು. ದೊಡ್ಡಮ್ಮನವರು "ನನಗೆ ಬೇಕು" ಎಂದು, ನಾನು ಒಂದೇ ಸಲ ಹೇಳಿದ್ದ ಆ ಸಾಲನ್ನು ಅಕ್ಷರ ತಪ್ಪದಂತೆ ಹೇಳಿದರು. ಅವರು ಹೇಳಿದಂತೆ ಬರೆದುಕೊಂಡದ್ದು:

'ಹದಿನೆಂಟು ವರ್ಷ ಆ ಮೆಟ್ಟಿಲ ಮೇಲೆ ಎಲ್ಲರ ಹೆಜ್ಜೆ ಸದ್ದನ್ನೂ ಮಾಡಿದವರು ಯಾರೆಂದು ನಾಟಕದ ಕೊನೆಯಲ್ಲಿ ಒಮ್ಮೆಯೂ ಹೇಳಲಿಲ್ಲ. ಆದ್ದರಿಂದ ನನ್ನ ಪಟ್ಟಿಯಲ್ಲೂ ಅವರು ಇಲ್ಲ.'

ಈಗ ಓದಿಸಿ ಕೇಳಿದೆವು. ಕೇಳಿದ ನಮಗೆ ಮೂವರಿಗೂ ಎಲ್ಲವೂ ಸರಿಯಾಗಿದೆ, ಬಿಟ್ಟುಹೋದದ್ದು ಏನೂ ಇಲ್ಲ.

ಸ್ಥಳ: ಪುರಭವನದ ಹಿಂದಿನ ರಸ್ತೆಯ ಪೊಲೀಸ್ ಠಾಣೆ
ದಿನ: ಸಮ್ಮೇಳನದ ಭಾನುವಾರ, ಸಂಜೆ 6 ಗಂಟೆ 5 ನಿಮಿಷ
ಸಹಿ: ದೂರಿನ ಚೀಟಿಯಲ್ಲಿ ಇರುವಂತೆ