ಮೂಲಾ ನಕ್ಷತ್ರದ ಹುಡುಗಿ

ಸಿಂಧನೂರಿನ ಬಸ್ ನಿಲ್ದಾಣ. ಕಿವುಡ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗ್ಯಾನಮ್ಮ ಎಂಬಾಕೆ ಮಗನಿಗೆ ಹೆಣ್ಣು ಕೇಳುತ್ತಿದ್ದಳು. ಹುಡುಗಿಯ ತಂದೆ ಮಾನಪ್ಪ ತಲೆ ತಗ್ಗಿಸಿದ್ದ.

"ಸುಳ್ಳು ಹೇಳಾಂಗಿಲ್ರೀ ಅಕ್ಕಾರ. ನನ್ನ ಮಗಳು ಮೂಲಾ ನಕ್ಷತ್ರದಾಗ ಹುಟ್ಟ್ಯಾಳ."

"ಗೊತ್ತೈತಿ."

"ಅಂಥಾಕಿ ಕಾಲಿಟ್ರ ವರ್ಷದಾಗ ಮಾವ ಸಾಯ್ತಾನಂತಾರ. ಮಾವ ಇಲ್ಲದ ಮನೀನ ಹುಡುಕಾಕತ್ತೀನಿ."

"ಪಂಚಾಂಗ ನೋಡೋ ಐನಾರು ನಮಗೂ ಅದನ್ನ ಹೇಳ್ಯಾರ."

"ನಿಮ್ಮ ಯಜಮಾನ್ರು ಗಟ್ಟಿ ಅದಾರಲ್ರೀ!"

"ಅದಽ ತ್ರಾಸು ನೋಡ್ರಿ. ಕಾಲುವಿ ನೀರು ಬಂದ್ರೂ ಈ ಮುದುಕ ಭತ್ತ ಹಚ್ಚಾಕ ಬಿಡವಲ್ಲ, ಜ್ವಾಳಾನ ಬಿತ್ತಂತಾನ. ಹೊಲ ಅವನ ಹೆಸರಿಗೈತಿ."

ಮಾನಪ್ಪ ಮುದುಕನ ಕಡೆ ಒಮ್ಮೆ ನೋಡಿದ. "ಹಂಗಾದ್ರ ಉಗಾದಿ ಮುಗೀಲಿ, ಲಗ್ನ ಮಾಡೂಣು."

"ಅಲ್ಲೀತನಕ ಯಾಕ? ಲಗೂನ ಮಾಡ್ರಿ."

ಜವಳಗೇರಾ ಬಸ್ಸು ಬಂತು. ಗ್ಯಾನಮ್ಮ ಗಂಡನ ಕಿವಿಯಲ್ಲಿ ಕೂಗಿದಳು: "ಏಳ್ರೀ, ಮಗಗ ಹೆಣ್ಣು ಗೊತ್ತಾತು!"

ಮುದುಕ ಬಾಯ್ತುಂಬ ನಕ್ಕ. "ಕಾಲ್ಗುಣ ಹೆಂಗೈತಂತ?"

"ನಾ ಬೇಡಿದಂಗ ಐತಿ," ಎಂದು ಅವನ ಕೈಹಿಡಿದು ಬಸ್ಸು ಹತ್ತಿಸಿದಳು.