ಬಡಗಲಿಗೆ ಹೋದವಳು

ಮೆಲ್ಲಗೆ ಅಕ್ಕ... ಒಸಿ ಮೆಲ್ಲಗೆ. ಮಂಡಿ ಕೆಳಗೆ ಟವೆಲ್ಲು ಸುತ್ತಿಟ್ಟು ಹಿಡ್ಕೊ ಅಂದ್ರು ಡಾಕ್ಟ್ರು, ಮುದ್ದೆ ತೊಳಸಿದಂಗೆ ತೊಳಸು ಅನ್ನಲಿಲ್ಲ. ಹಾ, ಹಂಗೆ. ನಾನು ಕೆಳಕ್ಕೆ ಒತ್ತೀನಿ, ನೀನು ಹತ್ತು ಎಣಿಸು... ಎಣಿಸಲ್ವಾ? ಸರಿ ಬುಡು, ನಾನೇ ಎಣಿಸ್ಕೋತೀನಿ. ಒಂದು... ಎರಡು... ಅಯ್ಯಪ್ಪ, ಸಾಕು. ಎರಡಕ್ಕೇ ಕಣ್ಣಲ್ಲಿ ನೀರು ಬಂತು.

ಯಾಕೆ ನಗ್ತೀಯ? ನಗಲಿಲ್ವಾ? ತುಟಿ ಒಂದು ಕಡೆ ಹೋಗಿದ್ದು ಕಂಡೆ ನಾನು. ನಗು, ಪರವಾಗಿಲ್ಲ. ಊರೇ ನಗ್ತೈತೆ. ಈ ಸೋಲೂರಲ್ಲಿ ಯಾರಾದ್ರೂ ಮಂಡಿ ಮುರ್ಕೊಂಡ್ರೆ ತೆಂಗಿನಮರದಿಂದ ಬಿದ್ದು ಮುರ್ಕೋಬೇಕು, ಇಲ್ಲ ಹಸು ಒದ್ದು ಮುರ್ಕೋಬೇಕು. ಸಿಮೆಂಟ್ ಅಂಗಡಿ ಕೆಂಪರಾಜು ಹೆಂಡ್ತಿ ಮಾತ್ರ ಮನಾಲಿಗೆ ಹೋಗಿ, ಕಾಲಿಗೆ ಹಲಗೆ ಕಟ್ಕೊಂಡು, ಮಂಜಿನ ಮೇಲೆ ಜಾರಿ ಮುರ್ಕೊಂಡಳು. ನೋಡೋಕೆ ಬಂದೋರೆಲ್ಲ ಒಂದೇ ಕೇಳ್ತಾರೆ. ಜಾರೋಕೆ ಅಷ್ಟು ದೂರ ಹೋಗಬೇಕಿತ್ತಾ ಭಾನು, ನಿಮ್ಮ ಬಚ್ಚಲಲ್ಲಿ ಪಾಚಿ ಇರಲಿಲ್ವಾ ಅಂತ.

ಆ ಮಾತು ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಅಂಗಡಿ ಜಗಲಿ ಮೇಲೆ. ಹುಟ್ಟಿಸಿದ್ದು ನಿನ್ನ ಮೈದುನ. ನನ್ನ ಕಟ್ಕೊಂಡ ಮಹಾರಾಯ. ಬರೋ ಹೋಗೋರಿಗೆಲ್ಲ ಹೇಳ್ತಾವ್ರೆ, ಬೇಡ ಅಂದ್ರೂ ಕೇಳಲಿಲ್ಲ, ಹಾರಾಡಿದಳು, ಬಿದ್ದಳು ಅಂತ. ನಡೆದದ್ದು ಅದಲ್ಲ ಅಕ್ಕ. ಬಾಡಿಗೆ ಕೋಟು, ಬಾಡಿಗೆ ಬೂಟು, ಒಂದೊಂದು ಬೂಟು ಅರ್ಧ ಮೂಟೆ ಸಿಮೆಂಟಿನ ಭಾರ. ಅದರ ಕೆಳಗೆ ನನಗಿಂತ ಉದ್ದ ಹಲಗೆ. ನಿಂತ್ಕಳೋಕೇ ಆಗ್ತಿರಲಿಲ್ಲ. ಕೈ ಬಿಡಬೇಡಿ ಅಂದೆ. ಬಿಡಲ್ಲ ಕಣೇ ಅಂದ್ರು. ಪ್ರವಾಸಕ್ಕೆ ಕರ್ಕೊಂಡು ಹೋಗಿದ್ದ ಸಿಮೆಂಟ್ ಕಂಪ್ನಿಯವನು ಈ ಕಡೆ ನೋಡಿ ಸಾರ್ ಅಂತ ಕ್ಯಾಮೆರಾ ಎತ್ತಿದ್ದೇ ತಡ, ನನ್ನ ಕೈ ಬುಟ್ಟು ಕ್ರಾಪು ಸರಿ ಮಾಡ್ಕೊಂಡ್ರು. ಅಷ್ಟೇ. ನಾನು ಇಳಿಜಾರಲ್ಲಿ ಹೊರಟೆ. ಒಂದು ಹಲಗೆ ಮಂಜಲ್ಲಿ ಕಚ್ಕೊಂತು, ಮೈಯೆಲ್ಲ ತಿರುಗಿತು, ಮಂಡಿ ಮಾತ್ರ ತಿರುಗಲಿಲ್ಲ. ಟಪ್ ಅಂತು. ಹಸಿ ಕಡ್ಡಿ ಮುರಿದಂಗೆ. ಆ ಸದ್ದು ಈಗಲೂ ಕೇಳ್ತೈತೆ ನನಗೆ.

ಫೋಟೋ ಬಂದೈತಲ್ಲ, ಅತ್ತೆ ಷೋಕೇಸಲ್ಲಿ ಇಟ್ಟವ್ರೆ, ನೋಡಿದ್ಯಾ? ಅವರು ಹಲ್ಲು ಬುಟ್ಕೊಂಡು ನಿಂತವ್ರೆ, ಪಕ್ಕದಲ್ಲಿ ಬರೀ ಒಂದು ಕಾಲು ಕಾಣ್ತೈತೆ. ಅದು ನಾನು.

ಅದನ್ನೂ ನುಂಗ್ಕೊಂಡೆ. ಒಳಗೆ ದಾರದಂಥದ್ದು ಕಿತ್ತೋಗೈತೆ, ಆಪರೇಷನ್ ಆಗಲೇಬೇಕು ಅಂದ್ರು, ನುಂಗ್ಕೊಂಡೆ. ನೆಲಕ್ಕೆ ಕೂರೋಂಗಿಲ್ಲ ಅಂತ ಆಚಾರಿ ಕೈಲಿ ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊಯ್ಸಿ ಕಕ್ಕಸಲ್ಲಿ ಇಟ್ರು. ಇಪ್ಪತ್ಮೂರು ವರ್ಷಕ್ಕೆ ಮುದುಕಿ ಸಿಂಹಾಸನ. ಅದನ್ನೂ ನುಂಗ್ಕೊಂಡೆ. ದಿನಾ ನನ್ನ ಅದರ ಮೇಲೆ ಕೂರಿಸೋಳು ನೀನೇ, ಏಳ್ಸೋಳು ನೀನೇ, ನಾನು ಮರೆಯಲ್ಲ ಅಕ್ಕ. ಓರಗಿತ್ತಿ ಅಂದ್ರೆ ಕತ್ತಿಗೆ ಕತ್ತಿ ಅಂತಾರೆ ಜನ. ನೀನು ಹಂಗಲ್ಲ.

ಆದ್ರೆ ಇವತ್ತು ಬೆಳಿಗ್ಗೆ ಅತ್ತೆ ಹೇಳಿದ್ದು ಮಾತ್ರ ಗಂಟಲಲ್ಲಿ ಇಳೀತಿಲ್ಲ.

ನನ್ನ ಒಂದು ಮಾತು ಕೇಳಬಾರದಿತ್ತಾ? ನನ್ನ ಮಗು ತಾನೆ ಅದು? ನಾನು ಈ ಮಂಚದ ಮೇಲೆ ಬಿದ್ದಿದೀನಿ, ಅವರೆಲ್ಲ ಅಡುಗೆಮನೇಲಿ ಕುಂತು ತೀರ್ಮಾನ ಮಾಡವ್ರೆ. ಹಾರೋಹಳ್ಳಿ ಫ್ಯಾಕ್ಟರಿಗಳ ಹತ್ರ ಭಾವ ಹೊಸ ಅಂಗಡಿ ಇಡ್ತಾರೆ, ಸರಿ. ನಾಡಿದ್ದು ಸೋಮವಾರ ನೀವಿಬ್ಬರೂ ಅಲ್ಲಿ ಹಾಲು ಉಕ್ಕಿಸಿ ಸಂಸಾರ ಹೂಡ್ತೀರ, ಬಾಳ ಸಂತೋಷ. ಅದರ ಜೊತೆಗೆ ನನ್ನ ನಯನಾನೂ ಯಾಕೆ ಹೋಗಬೇಕು? ಗುರುವಾರ ನಿನ್ನ ಆಪರೇಷನ್ನು ಭಾನು, ಮೂರು ತಿಂಗಳು ಮಗು ಎತ್ತೋಂಗಿಲ್ಲ ಅಂದವ್ರೆ, ನನ್ನ ಕೈಲಿ ಎರಡು ವರ್ಷದ ಮಗು ಹಿಂದೆ ಓಡೋಕೆ ಆಗಲ್ಲ, ಪುಟ್ಟಗೌರಿ ನೋಡ್ಕೋತಾಳೆ, ಅಂತ ನಿನ್ನ ಹೆಸರು ಹೇಳಿದ್ರು ಅತ್ತೆ. ಇವರು? ನನ್ನ ಗಂಡ ಅನ್ನಿಸ್ಕೊಂಡೋರು? ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ನಿಂತಿದ್ರು. ಅಲ್ಲೂ ಕೈ ಬುಟ್ರು.

ಮೂರು ತಿಂಗಳು ಅಂದ್ರೆ ಎಷ್ಟು ಗೊತ್ತಾ ಆ ವಯಸ್ಸಿಗೆ? ಈಗಲೇ ನನ್ನ ಹತ್ರ ಬರಲ್ಲ ಅವಳು. ಮಂಚದವರೆಗೆ ಬತ್ತಾಳೆ, ಈ ಮಂಡಿ ಪಟ್ಟಿ ನೋಡ್ತಾಳೆ, ನೋವು ಅನ್ನೋಕೆ ಬರಲ್ಲ, ಡವ್ವು ಅಂತಾಳೆ, ಓಡೋಯ್ತಾಳೆ. ನಿನ್ನೆ ಬಿದ್ದಾಗ ಯಾರನ್ನ ಕರೆದಳು? ನನ್ನ ಎದುರಿಗೇ ಬಿದ್ದಳು ಅಕ್ಕ. ನಾನು ಕೈ ಚಾಚಿದೀನಿ. ದೊಡ್ಡವ್ವಾ ಅಂತ ನಿನ್ನ ಹುಡುಕ್ಕೊಂಡು ಹೋದಳು.

ಇಲ್ಲ, ನೀನು ಕಲಿಸಿದೆ ಅಂತ ನಾನು ಅಂದ್ನಾ? ಅನ್ನಲಿಲ್ಲ. ಕೈ ಎಳ್ಕೋಬೇಡ, ಟವೆಲ್ಲು ಜಾರ್ತೈತೆ.

ನಾನು ಕೇಳೋದು ಇಷ್ಟೇ. ನೀನು ಬೇಡ ಅನ್ನು. ಹೊಸ ಊರು, ಹೊಸ ಮನೆ, ನನ್ನ ಕೈಲಿ ಆಗಲ್ಲ ಅಂತ ಒಂದು ಮಾತು ಅತ್ತೆಗೆ ಅಂದ್ಬುಡು. ದೊಡ್ಡ ಸೊಸೆ ಮಾತು ಈ ಮನೇಲಿ ನಡೀತೈತೆ. ನನ್ನ ತಂಗಿ ರಮ್ಯಾನ ಮಾಗಡಿಯಿಂದ ಕರೆಸ್ಕೋತೀನಿ, ಅವಳು ನೋಡ್ಕೋತಾಳೆ. ಮಗು ನನ್ನ ಕಣ್ಣ ಮುಂದೆ ಇರಲಿ. ಅಂತೀಯಾ?

...ಯಾಕೆ ಮುಖ ತಿರುಗಿಸ್ದೆ?

ಗೊತ್ತು ಬುಡು. ನಿನ್ನ ಮನಸ್ಸಲ್ಲಿ ಮನಾಲಿ ಐತೆ. ಅದು ನಿಮ್ಮ ಸರದಿ, ಒಪ್ತೀನಿ. ಅಷ್ಟು ಲೋಡು ಸಿಮೆಂಟು ಮಾರಿದ್ದಕ್ಕೆ ಕಂಪ್ನಿಯವರು ಅಂಗಡಿಗೆ ಒಂದೇ ಜೋಡಿ ಟಿಕೇಟು ಕೊಟ್ರು, ದೊಡ್ಡೋರು ಹೋಗಬೇಕು, ಅದು ಮನೆ ಪದ್ಧತಿ. ನೀನು ರಾಮನಗರಕ್ಕೆ ಹೋಗಿ ಸ್ವೆಟರು ಕೂಡ ತಂದಿದ್ದೆ. ಆಮೇಲೆ ನೀನೇ ಒಂದು ದಿನ ಇದ್ದಕ್ಕಿದ್ದಂಗೆ, ನನಗೆ ಚಳಿ ಆಗಲ್ಲ, ಅವರಿಬ್ಬರು ಹೋಗ್ಬರಲಿ ಅಂದ್ಬುಟ್ಟೆ. ಭಾವನಿಗೂ ಕಾರಣ ಹೇಳಲಿಲ್ಲ ಅಂತಾರೆ. ಅದಕ್ಕೆ ನಾನೇನು ಮಾಡಲಿ? ನಾನು ಆವಾಗ ಈ ಮನೇಲೇ ಇರಲಿಲ್ಲ, ತವರಲ್ಲಿದ್ದೆ. ಬಂದ ಮೇಲೆ ಅತ್ತೆ ಹೇಳಿದ್ರು, ನೀವು ಹೊರಡಿ ಅಂತ. ಹೊರಟೆ. ನಿನ್ನ ಸ್ವೆಟರೇ ಹಾಕ್ಕೊಂಡು ಹೋದೆ, ನೀನೇ ಕೊಟ್ಟೆ. ಹತ್ತನೇ ಕ್ಲಾಸಲ್ಲಿ ಹಿಮಾಲಯದ ಮೇಲೆ ಅರ್ಧ ಪುಟ ಬರೆದಿದ್ದೆ, ಒಂದು ಸಲ ಕಣ್ಣಲ್ಲಿ ನೋಡಾಣ ಅನ್ನಿಸ್ತು, ತಪ್ಪಾ?

ಅದನ್ನ ಇದಕ್ಕೆ ಗಂಟು ಹಾಕ್ಬೇಡ ಅಕ್ಕ. ಅದು ಎಂಟು ದಿನದ ಪ್ರವಾಸ. ಇದು ಮಗು.

ಇಲ್ಲಿ ಕೇಳು, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ನೀನೇ ಒಸಿ ದಿನ ಇಲ್ಲೇ ಇದ್ಬುಡು. ಭಾವ ಮೊದಲು ಹೋಗಿ ಅಂಗಡಿ ನೋಡ್ಕೊಳ್ಳಲಿ. ಉಗಾದಿ ಇನ್ನೇನು ಎರಡು ತಿಂಗಳು. ಅಷ್ಟರವರೆಗೆ ನೀನು ಹೊರಡೋದು ಒಳ್ಳೇದಲ್ಲ. ಬುಡುಬುಡಿಕೆ ಅಂಕಯ್ಯ ಸುಮ್ಮಸುಮ್ಮನೆ ಹೇಳ್ತಾನಾ? ಮೂರು ತಲೆಮಾರಿಂದ ಈ ಊರುಗಳಿಗೆ ಶಕುನ ಹೇಳೋ ಮನೆತನ. ಬಡಗಲಿಗೆ ಹೆಜ್ಜೆ ಇಟ್ರೆ ಮಡಿಲು ತುಂಬಲ್ಲ ತಾಯಿ, ಉಗಾದಿ ಕಳೆಯೋಗಂಟ ಊರ ಗಡಿ ದಾಟಬೇಡ ಅಂದನಲ್ಲ, ಬಡಗಲು ಒಂದಕ್ಕೇ ಅಲ್ಲ ಅದು, ಊರ ಗಡಿ ಅಂದ. ಹಾರೋಹಳ್ಳಿ ತೆಂಕಲಿಗೆ ಇರಬಹುದು, ಗಡಿ ದಾಟಿದಂಗೇ ತಾನೆ? ಒಂಬತ್ತು ವರ್ಷ ಕಾದಿದೀಯ ಮಗೂಗೆ. ಇನ್ನೆರಡು ತಿಂಗಳು...

ಯಾಕೆ? ಯಾಕೆ ಹಂಗೆ ನೋಡ್ತೀಯ?

ಕೈ ಯಾಕೆ ತೆಗೆದೆ?

ಅಲ್ಲ... ಊರಲ್ಲಿ ಯಾರೋ ಅಂದ್ರು. ಅತ್ತೆ ಇರಬೇಕು. ಅತ್ತೆಗೆ ನೀನು ಹೇಳಿರ್ತೀಯ. ಹೇಳಿಲ್ವಾ? ಭಾವನಿಗೆ... ಭಾವನಿಗೂ ಹೇಳಿಲ್ಲ. ಹಂಗಂತ ನಾನೇ ಈಗ ಅಂದೆ, ಅಲ್ವಾ.

ಯಾರಿಗೂ ಹೇಳಿಲ್ಲ ನೀನು. ಬಸಿರಿನ ವಿಷಯ, ಯಾರ ಮುಂದೆ ಬಾಯಿ ಬಿಡ್ತೀಯ? ಬೆಳಕು ಹರಿಯೋ ಮುಂಚೆ ಅಂಗಳಕ್ಕೆ ಸಗಣಿ ನೀರು ಹಾಕೋಳು ನೀನು, ಆ ಹೊತ್ತಲ್ಲಿ ಒಬ್ಬಳೇ ಇರ್ತೀಯ. ಅವನು ಬಾಗಿಲಿಗೆ ಬಂದ. ಅಂದು ಹೋದ. ಕೇಳಿಸ್ಕೊಂಡೋಳು ನೀನೊಬ್ಬಳೇ.

ಮಾತಾಡು ಅಕ್ಕ. ಹಿಂಗೆ ನೋಡ್ತಾ ಕುಂತ್ರೆ ನಾನು ಏನಂತ ಸುಳ್ಳು ಹೇಳಲಿ?

ಹೌದು. ಅದಕ್ಕೆ ಎರಡು ದಿನ ಮುಂಚೆ ನಮ್ಮ ತವರಿಗೆ ಬಂದಿದ್ದ ಅವನು. ಹಳೇ ಬಟ್ಟೆ ಇದ್ರೆ ಕೊಡು ತಾಯಿ ಅಂದ. ನಮ್ಮಪ್ಪನ ಕೋಟು ಕೊಟ್ಟೆ. ಸೋಲೂರಲ್ಲಿ ನಮ್ಮ ಮನೆ ಮುಂದೆ ಹಿಂಗಂತ ಅನ್ನು ಅಂದೆ. ಮನಾಲಿ ಇರೋದು ಬಡಗಲಿಗೆ ಅಂತ ಬಡಗಲು ಅನ್ನಿಸ್ದೆ, ಉಗಾದಿ ಅಂತ, ಗಡಿ ಅಂತ ಸೇರಿಸಿದ್ದೂ ನಾನೇ. ತಮಾಷೆ ಥರ ಶುರು ಮಾಡ್ದೆ, ಅವನೇ ಒಂದು ಸಲ ಮುಖ ನೋಡ್ದ ನಂದು. ಬೇಡ ತಾಯಿ, ಮಡಿಲಿನ ಮಾತು ಅಂದ. ಏನಾಗಲ್ಲ ಹೋಗು ಅಂದೆ.

ಎಲ್ಲದಕ್ಕೂ ನೀನೇ ಮೊದಲು, ಅಕ್ಕ. ಹೊಸ ಸೀರೆ ಆರ್ಸೋಳು ನೀನು, ಮದುವೆ ಮನೇಲಿ ಕರೆದು ಕೂರಿಸೋದು ನಿನ್ನ. ಒಂದು ಸಲ, ಒಂದೇ ಒಂದು ಸಲ ನಾನು ಮುಂದೆ ಹೋಗಾಣ ಅನ್ನಿಸ್ತು. ನೀನು ಇಷ್ಟು ನಂಬ್ತೀಯ ಅಂತ ಗೊತ್ತಿರಲಿಲ್ಲ... ಗೊತ್ತಿತ್ತು. ಗೊತ್ತಿದ್ದೇ ಅದನ್ನ ಅನ್ನಿಸ್ದೆ.

ಬೈ ನನ್ನ. ನಾಲ್ಕು ಜನ ಕೇಳೋಂಗೆ ಬೈ. ಅತ್ತೇನ ಕರೆದು ಹೇಳು. ಎಲ್ಲಿಗೆ ಎದ್ದೆ? ಅಕ್ಕ, ಈ ಕಾಲು ಹಿಂಗೇ ಬುಟ್ಟು ಹೋಗಬೇಡ, ಟವೆಲ್ಲು ತೆಗಿ ಒಸಿ...

ಅಕ್ಕ.

ಬಂದ್ಯಾ. ನೀನು ಅತ್ತೇನ ಕರ್ಕೊಂಡು ಬತ್ತೀಯ ಅಂದ್ಕೊಂಡೆ. ನಯನಾನ ಯಾಕೆ ಎತ್ಕೊಂಡು ಬಂದೆ, ಮಲಗಿದ್ಲಲ್ಲ? ಇಲ್ಲಿ... ಗೋಡೆ ಕಡೆ ಮಲಗಿಸು, ಹಾ. ಇದೇನು ಗಂಟು? ಇವಳ ಫ್ರಾಕುಗಳು. ಹಾಲಿನ ಲೋಟ. ಬೆಳಿಗ್ಗೆ ನಿನ್ನ ಸೂಟ್‌ಕೇಸಲ್ಲಿ ಮಡಚಿ ಇಡ್ತಿದ್ದದ್ದು ಕಂಡಿದ್ದೆ.

ಕರ್ಕೊಂಡು ಹೋಗಲ್ವಾ ಹಂಗಾದ್ರೆ?

ನಾನು ಕೇಳಿದ್ದು ಅದೇ ಅಲ್ವಾ. ಅದೇ. ಆದ್ರೆ ಹಿಂಗಲ್ಲ ಅಕ್ಕ, ಒಂದು ಮಾತು ಆಡಿ ಹೋಗು. ಬಾಗಿಲು ಎಳ್ಕೋಬೇಡ... ಎದ್ದಳು ನೋಡು. ಅಳ್ತಾವಳೆ. ಇಲ್ಲಿದೀನಿ ಕಂದಾ, ಅಮ್ಮ ಇಲ್ಲೇ ಇದೀನಿ. ಅತ್ತ ಹೋಗಬೇಡ, ಮಂಚದ ಅಂಚು ಅದು, ಬೀಳ್ತೀಯ. ದೊಡ್ಡವ್ವ ಬತ್ತಾಳೆ, ಇರು... ಅಕ್ಕ, ನಿನ್ನೇ ಕರೀತಾವಳೆ. ಇಳೀತಾವಳೆ ಅಕ್ಕ. ನನ್ನ ಕೈಗೆ ಸಿಗ್ತಿಲ್ಲ.